‘ಪ್ರೀತಿಯ’ ಅಂತ ಕೆತ್ತುವ ಮುಂಚೆ

ಭಾನುವಾರ, ಆರಾಧನೆ ಮುಗಿಸಿ ಬಂದು

ಪ್ರೀತಿಯ ಪಿಟೀಲು ಮಗಳೇ,

ದೇವರ ಸಮಾಧಾನ ನಿನಗಿರಲಿ. ನಿನ್ನ ಕಾಗದ ಬಂದು ತಿಂಗಳಾದರೂ ಉತ್ತರ ಬರೀಲಿಲ್ಲ ಅಂತ ಮುಖ ಊದಿಸಿಕೊಳ್ಳಬೇಡ. ಎಡಗೈ ಹೆಬ್ಬೆರಳಿಗೆ ಸುತ್ತಿಗೆ ಏಟು ಬಿದ್ದಿತ್ತು. ‘ಬರೆಯೋದು ಬಲಗೈಯಲ್ಲಿ ಅಲ್ಲವೇನಮ್ಮ’ ಅಂತ ನೀನು ಕೇಳೇ ಕೇಳ್ತೀಯ. ಸರಿ ಮಾರಾಯ್ತಿ, ಅದು ನೆಪ. ಏನು ಬರೀಬೇಕೋ ತೋಚಲಿಲ್ಲ.

ಅಪ್ಪನ ಗೋರಿಕಲ್ಲಿನ ಮೇಲೆ ಹೆಸರು, ತಾರೀಖು ಇದ್ದರೆ ಸಾಕು, ‘ಪ್ರೀತಿಯ ತಂದೆ’ ಅಂತ ಕೆತ್ತಿದರೆ ಶಿಲುಬೆಯ ಕೆಳಗೇ ಸುಳ್ಳು ಬರೆದ ಹಾಗೆ ಅಂದಿದ್ದೀಯ. ಕಂಡವರ ಕಲ್ಲಿಗೆಲ್ಲ ಅಕ್ಷರ ಕೆತ್ತಿಯೇ ನಿನ್ನನ್ನು ಸಾಕಿದವಳು ನಾನು. ‘ಪ್ರೀತಿಯ’ ಅನ್ನೋದನ್ನ ಕಣ್ಣು ಮುಚ್ಚಿ ಕೆತ್ತುತ್ತೇನೆ. ಅದು ನಿಜವಾ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಈಗ ತಲೆಗೆ ಹುಳ ಬಿಟ್ಟೆ ನೋಡು!

ನಿನ್ನ ಸಿಟ್ಟು ಅನ್ಯಾಯದ್ದಲ್ಲ. ನೀನು ಚಿಕ್ಕವಳಿದ್ದಾಗ ನಿನಗೊಂದು ಮಾತೂ ಹೇಳದೆ ಮನೆ ಬಿಟ್ಟು ಹೋದ ಅಪ್ಪ, ಕಳೆದ ವರ್ಷ ಕೆಮ್ಮುತ್ತಾ ಬಂದು ಬಾಗಿಲಲ್ಲಿ ನಿಂತರು. ನಾನು ಒಳಗೆ ಕರೆದೆ. ಅವತ್ತಿಂದ ನೀನು ಮನೆ ಕಡೆ ತಲೆ ಹಾಕಿಲ್ಲ.

ನಿಜ ಯಾವುದು, ಸುಳ್ಳು ಯಾವುದು ಅಂತ ತಲೆ ಕೆಟ್ಟು ಪಾದ್ರಿಗಳನ್ನೇ ಹಿಡಿದು ಕೇಳಿದೆ. “ಅಯ್ಯಾ, ಯೇಸುಸ್ವಾಮಿ ‘ನಾನು ಸತ್ಯ ಹೇಳ್ತೀನಿ’ ಅಂದಿದ್ದರೆ ನನಗೆ ಅರ್ಥ ಆಗ್ತಿತ್ತು. ‘ನಾನೇ ಸತ್ಯ’ ಅಂದರಲ್ಲ, ಅದು ಹೇಗೆ?”

ಅವರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. “ನೀರಿಗೆ ಬಂದ ಒಬ್ಬ ಹೆಂಗಸಿನ ಬಾಳಿನ ಗುಟ್ಟನ್ನೆಲ್ಲ ಸ್ವಾಮಿ ಬಾವಿಕಟ್ಟೆಯಲ್ಲೇ ಬಿಚ್ಚಿಟ್ಟರು. ಆಕೆಗೆ ಅವಮಾನ ಆಗಬೇಕಿತ್ತಲ್ಲ? ಕೊಡ ಅಲ್ಲೇ ಬಿಟ್ಟು, ಅವರನ್ನು ನೋಡಬನ್ನಿ ಅಂತ ಊರವರನ್ನು ಕರೆಯೋಕೆ ಓಡಿದಳು. ಯಾಕೆ, ನೀವೇ ಹೇಳಿ.”

ಕೇಳಿದವಳು ನಾನು, ಉತ್ತರವನ್ನೂ ನಾನೇ ಹೇಳಬೇಕಂತೆ! ವಾರವಿಡೀ ಉಳಿ ಹಿಡಿದು ಕೂತಾಗ ಅದೇ ಯೋಚನೆ. ಎಲ್ಲ ಗೊತ್ತಿದ್ದೂ ಬಿಟ್ಟು ಹೋಗದವರು ಎದುರಿಗಿದ್ದರೆ ನಿಜಕ್ಕೆ ಹೆದರಬೇಕಿಲ್ಲವೇನೋ. ನನ್ನ ಬುದ್ಧಿಗೆ ಎಟುಕಿದ್ದು ಇಷ್ಟೇ.

ಆಮೇಲೆ ಇನ್ನೊಂದು ಹೊಳೆಯಿತು. ‘ಪ್ರೀತಿಯ ತಂದೆ’ ಅಂದರೆ ಪ್ರೀತಿ ಕೊಟ್ಟ ತಂದೆಯಾ, ಪ್ರೀತಿ ಪಡೆದ ತಂದೆಯಾ? ಆ ಪದ ಬಾಯೇ ಬಿಡಲ್ಲ! ಈ ಕಾಗದದ ಮೇಲೆ ನಿನಗೂ ಅದನ್ನೇ ಹಾಕಿದ್ದೇನೆ. ನೀನು ನನ್ನ ಹತ್ತಿರ ನೆಟ್ಟಗೆ ಮಾತಾಡಿ ವರ್ಷವಾಯಿತು, ಆದರೂ ಅದು ಸುಳ್ಳಲ್ಲ. ಅಲ್ಲಿರೋ ಪ್ರೀತಿ ನನ್ನದು.

ಅದಕ್ಕೇ ‘ಪ್ರೀತಿಯ ಗಂಡ’ ಅಂತ ಕೆತ್ತಿಬಿಟ್ಟೆ. ಅವರು ನನಗೆ ಏನು ಕೊಟ್ಟರೋ ಬಿಟ್ಟರೋ, ನಾನಂತೂ ನಾಚಿಕೆಗೆಟ್ಟವಳು, ಪ್ರೀತಿಸೋದನ್ನ ಬಿಡಲಿಲ್ಲ. ಕೆಳಗೆ ಒಂದು ಸಾಲಿನ ಜಾಗ ಖಾಲಿ ಇದೆ. ಅಲ್ಲಿ ‘ಪ್ರೀತಿಯ ತಂದೆ’ ಅಂತ ಕೆತ್ತಿಸೋದು, ಬಿಡೋದು ನಿನಗೆ ಸೇರಿದ್ದು.

ಕರ್ತನ ಕೈ ನಿನ್ನ ತಲೆಯ ಮೇಲಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತ ಮಾತು: ಮರೆತಿದ್ದಲ್ಲ, ಧೈರ್ಯ ಬಂದಿರಲಿಲ್ಲ. ಕೊನೆಯ ದಿನ ಗೇಟು ಸದ್ದಾದಾಗಲೆಲ್ಲ ಅಪ್ಪ “ಪಿಟೀಲು ಬಂತಾ?” ಅಂತಿದ್ದರು. ತೊಟ್ಟಿಲಲ್ಲಿ ನೀನು ರಾಗ ಎಳೆಯೋದು ಕೇಳಿ ಆ ಹೆಸರು ಅವರೇ ಇಟ್ಟಿದ್ದಲ್ಲವಾ. “ದಾರಿಯಲ್ಲಿದ್ದಾಳೆ” ಅಂದೆ. “ನಿನಗೆ ಸುಳ್ಳು ಹೇಳೋಕೆ ಬರಲ್ಲ ಕಣೇ” ಅಂತ ನಕ್ಕರು. ಆದರೂ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದರು, ಹಾಗೇ ಹೋದರು. ಮಗಳೇ, ನಾನು ಹೇಳಿದ್ದು ಸುಳ್ಳಾ? ಅಥವಾ ನೀನು ಬರೋದು ಸ್ವಲ್ಪ ತಡವಾಗಿದೆ ಅಷ್ಟೇನಾ?