ಮುಟ್ಟಬಾರದು ಅಂದಿದ್ದರು

ಮಾರ್ಚ್ ೩, ಸೋಮವಾರ

ಇವತ್ತೂ ಇತ್ಯರ್ಥ ಆಗಲಿಲ್ಲ. ಆಸ್ಪತ್ರೆಯ ಸರ್ವರ್ ರೂಮಿನಲ್ಲಿ ಕುಸ್ತಿ. ಬೀಗ ತೆಗೆಯುವ ಅಟೆಂಡರ್ ನಾನು, ನನಗೆ ಟಿಕೆಟ್ ಬೇಕಿಲ್ಲ.

"ಹೊಸ ಸರ್ವರಿಗೆ ಲಿನಕ್ಸೇ ಹಾಕ್ಬೇಕು. ಸಾವಿರ ಜನ ಒಳಗೆ ಇಣುಕಿ ನೋಡಿರ್ತಾರೆ, ತೂತಿದ್ರೆ ಸಿಕ್ಕೇ ಸಿಗುತ್ತೆ." ಕಂಪ್ಯೂಟರ್ ಮೇಡಂ.

"ಸಾವಿರ ಜನ ನೋಡ್ತಾರೆ ಅಂತ ಎಲ್ರೂ ಸುಮ್ನಿರ್ತಾರೆ. ವಿಂಡೋಸ್ ಆದ್ರೆ ಕೇಳೋಕೆ ಒಂದು ಕಂಪನಿ ಇರುತ್ತೆ." ಅವರ ಮೇಲಿನ ಸಾರ್.

ನನ್ನನ್ನೂ ಕೇಳಿದರು. "ಯಾವುದಾದ್ರೂ ಹಾಕಿ, ಬಾಗಿಲು ಮಾತ್ರ ನಂಗೇ ಇರ್ಲಿ" ಅಂದೆ. ಇಬ್ಬರೂ ನಕ್ಕರು. ಅಷ್ಟರ ಮಟ್ಟಿಗೆ ಒಗ್ಗಟ್ಟು.

ಡೈರೆಕ್ಟರ್ ಬೇಸತ್ತು ಹಳೇ ಸರ್ವರಿಗೆ ಚೀಟಿ ಅಂಟಿಸಿದರು — ತೀರ್ಮಾನವಾಗುವವರೆಗೆ ಯಾರೂ ಮುಟ್ಟಬಾರದು.

ಮಾರ್ಚ್ ೭, ಶುಕ್ರವಾರ

ಶುಕ್ರವಾರ ಬ್ಯಾಕಪ್ ಡಿಸ್ಕ್ ಬದಲಿಸುವುದು ನನ್ನ ಕೆಲಸ. ವಾರದ ನಕಲು ಕಪಾಟಿಗೆ, ಖಾಲಿಯದು ಒಳಕ್ಕೆ. ಚೀಟಿ ನೋಡಿದೆ. ಮುಟ್ಟಬಾರದು ಅಂದ ಮೇಲೆ ಮುಟ್ಟಬಾರದು. ಸೆಲ್ಯೂಟ್ ಹೊಡೆದು ಬಂದೆ.

ಮಾರ್ಚ್ ೨೦

ನನ್ನ ಹೆಂಡತಿಯ ಎದೆಯ ಗಡ್ಡೆಗೆ ಎಲ್ಲಿಂದ, ಎಷ್ಟು ಕಿರಣ ಬಿಡಬೇಕೆಂದು ಲೆಕ್ಕ ಹಾಕಿ ಸರ್ವರಿನಲ್ಲಿ ಇಟ್ಟಿದ್ದಾರೆ. ಸೋಮವಾರ ಶುರು.

"ನಿಮ್ಮ ಮೆಷಿನ್ನೊಳಗೆ ನಾನಿದೀನಂತೆ, ಚೆನ್ನಾಗಿ ನೋಡ್ಕೊಳ್ಳಿ."

"ಮನೇಲಿ ಸಾಲ್ದು ಅಂತ ಅಲ್ಲಿಗೂ ಬಂದ್ಯಾ?"

ನಕ್ಕಳು. ಕೆಮ್ಮು ಬರುವಷ್ಟು.

ಮಾರ್ಚ್ ೨೪, ಸೋಮವಾರ

ಯಾರೋ ಕಳ್ಳರು ಹೊರಗಿಂದಲೇ, ಇಂಟರ್ನೆಟ್ಟಿನಲ್ಲಿ ನುಗ್ಗಿ ಸರ್ವರಿನ ಎಲ್ಲ ಫೈಲಿಗೂ ಬೀಗ ಜಡಿದಿದ್ದಾರೆ. ಮೇಡಂ, ಸಾರ್ ಜಗಳ ಆಡಲಿಲ್ಲ. ಅದಕ್ಕೇ ಭಯವಾಯಿತು.

"ಮೂರು ವಾರ ತೂತು ಮುಚ್ಚೋ ಅಪ್‌ಡೇಟೇ ಹಾಕಿಲ್ಲ. ಚೀಟಿ ಇತ್ತಲ್ಲ" ಅಂದರು ಮೇಡಂ.

"ಹೋಗ್ಲಿ, ಮೊನ್ನೆ ಶುಕ್ರವಾರದ ಡಿಸ್ಕ್ ತಾರಪ್ಪ" ಅಂದರು ಸಾರ್.

"ಮುಟ್ಟಬಾರದು ಅಂತ ಇತ್ತಲ್ಲ ಸಾರ್…"

ತಮಾಷೆ ಅಂದುಕೊಂಡು ನಕ್ಕರು. ನಾನು ನಗಲಿಲ್ಲ. ಆಮೇಲೆ ಅವರೂ ನಿಲ್ಲಿಸಿದರು.

ಒಳಗೇ ಉಳಿದಿದ್ದ ಡಿಸ್ಕಿಗೂ ಬೀಗ ಬಿದ್ದಿದೆ. ಕಪಾಟಿನಲ್ಲಿ ಫೆಬ್ರವರಿಯದು ಮಾತ್ರ. ಇವಳ ಲೆಕ್ಕ ಅದರಲ್ಲಿಲ್ಲ. ಮತ್ತೆ ಸ್ಕ್ಯಾನ್, ಮತ್ತೆ ಸರದಿ, ಐದು ವಾರ. ಗಡ್ಡೆ ಕಾಯುತ್ತಾ ಅಂತ ಡಾಕ್ಟರನ್ನು ಕೇಳಿದೆ.

"ಕಾಯಲ್ಲ ಅಂತಲೇ ಅವಸರ ಮಾಡಿದ್ದು ಕಣಪ್ಪ."

ಮಾರ್ಚ್ ೨೬, ಸಂಜೆ

"ಯಾವನೋ ಡಿಸ್ಕ್ ಹಾಕ್ಲಿಲ್ವಂತೆ. ಕೈಗೇನು ರೋಗ ಬಂದಿತ್ತು ಅವನಿಗೆ?" ಅಂದಳು.

"ಸೋಮಾರಿ ಇರ್ಬೇಕು" ಅಂದೆ. ಬಾಯಿಗೆ ಬಂದಂತೆ ಬೈದಳು. ಹೂಂಗುಟ್ಟಿದೆ.

ಹೇಳಿಬಿಡಬೇಕು. ತಮಾಷೆ ಮಾಡದೆ ಅವಳ ಹತ್ತಿರ ಮಾತಾಡಿ ಅಭ್ಯಾಸವೇ ಇಲ್ಲ. ಹೇಗೆ ಶುರು ಮಾಡುವುದು… ಇಲ್ಲಿ ಬರೆದು ನೋಡುತ್ತೇನೆ. ನೋಡೇ, ಆ ಡಿಸ್ಕ್ ಹಾಕಬೇಕಾಗಿದ್ದವನು—

"ಏನ್ರೀ ಅದು, ಗೀಚ್ತಾ ಕೂತ್ಬಿಟ್ರಿ! ತಟ್ಟೆ ಹಾಕಿದೀನಿ, ಬನ್ನಿ ಊಟಕ್ಕೆ."

ಬಂದೆ ಅಂದೆ. ಆ ಡಿಸ್ಕ್