ಖಾಲಾಳ ದನಿಗೆ ಸಾಲದ ಫೋನು

ಮಾಲತೇಶ ಅವರೇ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ, ‘ಸರ್’ ಎನ್ನಲು ಬಾಯಿ ಬರುತ್ತಿಲ್ಲ. ಹಳಿಯಾಳ ಕಡೆಯ ಸಾಂಬ್ರಾಣಿ ಊರಿನ ಶಹನಾಜ ನಾನು, ನೀವು ಚಹಾ ಕುಡಿದು ಹೋದ ಮನೆಯವಳು.

ನೆನಪಿದೆಯೇ? ಬರೆದದ್ದನ್ನು ಫೋನೇ ಓದಿ ಹೇಳುವ ಆ್ಯಪ್ ಮಾಡುತ್ತಿದ್ದೇವೆ, ನೆಟ್‌ವರ್ಕ್ ಸಿಗದ ಕಾಡಿನಲ್ಲೂ ನಡೆಯುತ್ತದೆ, ಅದಕ್ಕೆ ಈ ಕಡೆಯ ದನಿ ಬೇಕು ಎಂದು ಬಂದಿರಿ. ಕಣ್ಣು ಮಂಜಾಗಿದ್ದ ನನ್ನ ಚಿಕ್ಕಮ್ಮ ಮೆಹಬೂಬಿ ಖಾಲಾಳ ದನಿ ನಿಮಗೆ ಹಿಡಿಸಿತು. ಹೊರಗಿನ ಕೋಳಿ ಕೂಗು ಸೇರಬಾರದೆಂದು ಅವಳು ಹಳೆಯ ಬಟ್ಟೆ ಜೋಡಿಸಿ ಹೊಲಿದ ಕೌದಿಗಳನ್ನೆಲ್ಲ ಗೋಡೆಗೆ, ಬಾಗಿಲಿಗೆ ಇಳಿಬಿಟ್ಟೆವು. ನಾನು ಓದಿದ್ದನ್ನು ಅವಳು ಒಳಗೆ ಕೂತು ಬೆವರುತ್ತ ತಿರುಗಿ ಹೇಳಿದಳು. “ನನ್ನಂಥ ಕಣ್ಣಿಲ್ಲದವರಿಗೆ ಉಪಯೋಗ ಆದ್ರ ಸಾಕ ಬೇಟಾ” ಎಂದಳು.

ಆ್ಯಪ್ ಅವಳ ಹಳೆಯ ಫೋನಿನಲ್ಲೇ ಚೆನ್ನಾಗಿ ನಡೆಯಿತು. ಗುಳಿಗೆಯ ಪಟ್ಟಿಯನ್ನು ಫೋನಿನ ಮುಂದೆ ಹಿಡಿದರೆ ಅವಳದೇ ದನಿಯಲ್ಲಿ ಹೆಸರು ಹೇಳುತ್ತಿತ್ತು. ಸಕ್ಕರೆ ಕಾಯಿಲೆಯದು ಯಾವುದು, ಬಿಪಿಯದು ಯಾವುದು ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಆಮೇಲೆ ನೀವು ಹೊಸ ಆ್ಯಪ್ ಬಿಟ್ಟಿರಿ, ಅದು ಅವಳ ಫೋನಿಗೆ ಹಿಡಿಯಲಿಲ್ಲ, ಹಳೆಯದು ತೆರೆಯುವುದನ್ನೇ ನಿಲ್ಲಿಸಿತು. ಫೋನ್ ಮಾಡಿ ಕೇಳಿದರೆ ಪಾಠ ಹೇಳಿದಿರಿ: “ಈಗಿನ ಚಿಪ್‌ನಲ್ಲಿ ಇಂಥ ಕೆಲಸಕ್ಕೇ ಬೇರೆ ಭಾಗ ಇರುತ್ತೆ. ಅದನ್ನೇ ನಂಬಿ ಸಾಫ್ಟ್‌ವೇರ್ ಬರೆದಿದ್ದೇವೆ. ಮುಂದೆ ಎಲ್ಲ ಹೀಗೇ. ಹೊಸ ಫೋನ್ ತಗೊಳ್ಳಿ.”

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ನಿಮಗೆ ಯಾರೂ ಹೇಳಿಕೊಡಲಿಲ್ಲವೇ? ಚಿಪ್ ಬಲವಾಯಿತೆಂದು ನೀವು ಮನಸ್ಸು ಬಂದಷ್ಟು ಕಾಲು ಚಾಚುತ್ತೀರಿ, ಆಮೇಲೆ ನಮ್ಮ ಹಾಸಿಗೆ ಚಿಕ್ಕದು ಎನ್ನುತ್ತೀರಿ. ಅದೇ ಕೆಲಸ ಮೊದಲು ಅಷ್ಟರಲ್ಲೇ ಆಗುತ್ತಿತ್ತಲ್ಲ! ಖಾಲಾ ಅಂಗೈ ಅಗಲದ ಚಿಂದಿಯನ್ನೂ ಎಸೆಯುವವಳಲ್ಲ. ಕೌದಿ ಹರಿದರೆ ಅದರ ಮೇಲೆಯೇ ಬೇರೆ ಬಟ್ಟೆ ಇಟ್ಟು ಹೊಲಿಯುತ್ತಾಳೆ. ಹಳೆಯದನ್ನು ಉಳಿಸಿಕೊಂಡು ಹೊಸದು ಮಾಡಲು ನಿಮಗೇಕೆ ಬರುವುದಿಲ್ಲ?

ಹೋದ ತಿಂಗಳು ನಾನು ಕಬ್ಬು ಕಡಿಯಲು ಹೋಗಿದ್ದಾಗ ಖಾಲಾ ಪಟ್ಟಿಗಳನ್ನು ಬೆರಳಿನಿಂದ ತಡವಿ, ಬಿಪಿಯದೆಂದು ಸಕ್ಕರೆಯ ಗುಳಿಗೆಯನ್ನೇ ಮತ್ತೊಮ್ಮೆ ನುಂಗಿ ಅಂಗಳದಲ್ಲಿ ಬಿದ್ದಳು. ಹಳಿಯಾಳದ ಆಸ್ಪತ್ರೆ ಮುಟ್ಟುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ದೇವರು ದೊಡ್ಡವನು, ಉಳಿದಳು. ಮರುದಿನ ಪಕ್ಕದ ಮಂಚದ ಈರಕ್ಕನ ಮಗಳು ತನ್ನ ಹೊಸ ಫೋನನ್ನು ತಾಯಿಯ ಗುಳಿಗೆಯ ಮುಂದೆ ಹಿಡಿದಳು. ಅದು ಮಾತಾಡಿತು. ಖಾಲಾಳ ದನಿ! ಅವಳು ಮಾತು ಎಳೆಯುವ ಹಾಗೆಯೇ ಎಳೆದು, ಅವಳ ಉಸಿರಿನ ಸಮೇತ. ಖಾಲಾ ತಲೆ ಎತ್ತಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕೈ ಹಿಡಿದು, “ನನ್ನ ದನಿಗೆ ನನ್ನ ಫೋನ ಸಾಲಲಿಲ್ಲೇನ ಶಹನಾಜ?” ಎಂದಳು.

ನಿಮಗೆ ಹೆಣ್ಣುಮಗು ಹುಟ್ಟಿದ ಸುದ್ದಿ ಕೇಳಿ, ಇಷ್ಟಾದ ಮೇಲೂ, ಅವಳು ಅದಕ್ಕೊಂದು ಕೌದಿ ಹೊಲಿದಿದ್ದಾಳೆ. ಮೂಲೆಗಳಿಗೆ ಫುಲ ಕೂರಿಸುವುದು ಮಾತ್ರ ಬಾಕಿ. ಫುಲ ಎಂದರೆ ಮಡಿಸಿದ ಬಟ್ಟೆಯ ಪುಟ್ಟ ಹೂವು. ಅದಿಲ್ಲದ ಕೌದಿ ಬತ್ತಲೆ ಎನ್ನುತ್ತೇವೆ ನಾವು ಸಿದ್ದಿಗಳು, ಬತ್ತಲೆ ಕೌದಿಯನ್ನು ಯಾರಿಗೂ ಕೊಡುವುದಿಲ್ಲ. ಫುಲಕ್ಕೆಂದು ಎತ್ತಿಟ್ಟ ಕೆಂಪು ಬಟ್ಟೆಯನ್ನು ನಾನು ಟ್ರಂಕಿಗೆ ಹಾಕಿ ಬೀಗ ಜಡಿದಿದ್ದೇನೆ. ಅವಳ ಹಳೆಯ ಫೋನು ಅವಳ ದನಿಯಲ್ಲಿ ಗುಳಿಗೆಯ ಹೆಸರು ಹೇಳಿದ ದಿನ ಬೀಗ ತೆಗೆಯುತ್ತೇನೆ.

ಖಾಲಾ ಪಕ್ಕದಲ್ಲೇ ಕೂತು ಗೊಣಗುತ್ತಿದ್ದಾಳೆ: “ಸಿಟ್ಟ ಅಪ್ಪನ ಮ್ಯಾಲಿರ್ಲಿ, ಕೂಸಿನ ಮ್ಯಾಲ ಬ್ಯಾಡ. ಕೂಸು ಬೆಚ್ಚಗಿರ್ಲಿ ಅಂತ ಬರಿ ಮದ್ಲ.” ಬರೆದಿದ್ದೇನೆ. ಕೂಸು ಬೆಚ್ಚಗಿರಲಿ.

ಆಶೀರ್ವಾದ ಅವಳದು, ಸಿಟ್ಟು ನನ್ನದು.

ಶಹನಾಜ