ಹೂಂ ಎಂದು ಮತ್ತೆ ಮಲಗುವ ಡಬ್ಬಿ

ಗುರುವಾರ, ಊಟದ ಹೊತ್ತು
ಆಫೀಸಿನ ನನ್ನ ಮೇಜಿನಿಂದ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಇಳಿಯಿತೇ? ಅತ್ತೆ ಕೊಡುವ ಮಾತ್ರೆಯನ್ನು ನುಂಗುತ್ತಿದ್ದೀರೋ, ಕೆನ್ನೆಯಲ್ಲಿಟ್ಟುಕೊಂಡು ಆಮೇಲೆ ಕಿಟಕಿಯಾಚೆ ಉಗುಳುತ್ತಿದ್ದೀರೋ? ಫೋನಿನಲ್ಲಿ ಕೇಳಿದರೆ “ಆರಾಮಿದೀನಿ, ಇಡ್ಲಾ?” ಎನ್ನುತ್ತೀರಿ, ನಾನು ಹೂಂ ಅನ್ನುವ ಮೊದಲೇ ಇಟ್ಟೂಬಿಡುತ್ತೀರಿ. ಅದಕ್ಕೇ ಪತ್ರ. ಅತ್ತೆಯ ಮಗ, ನಮ್ಮ ಭಾವ, ಸಂಜೆ ಅಲ್ಲಿಗೆ ಕಾರಿನಲ್ಲಿ ಹೊರಟಿದ್ದಾರೆ. ಪತ್ರವನ್ನೂ ನಿಮ್ಮ ಡಬ್ಬಿಯನ್ನೂ ಅವರ ಕೈಯಲ್ಲಿ ಕಳಿಸುತ್ತೇನೆ.

ಆ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಎದೆಗೆ ಪಟ್ಟಿ ಕಟ್ಟಿಕೊಂಡು ಡಬ್ಬಿಯನ್ನು ಪ್ಲಗ್ಗಿಗೆ ಸಿಕ್ಕಿಸಿ ದಿಂಬಿನ ಪಕ್ಕ ಇಟ್ಟುಕೊಂಡರೆ ನಿಮ್ಮ ಎದೆಬಡಿತ ಇಲ್ಲಿನ ಡಾಕ್ಟರಿಗೆ ತಲುಪಬೇಕಿತ್ತು. ಹಗಲಿನದು ತಲುಪುತ್ತಿತ್ತು, ರಾತ್ರಿಯದು ಬರೀ ಖಾಲಿ. ನೀವು ಪಟ್ಟಿ ಕಿತ್ತೆಸೆದು ಮಲಗುತ್ತೀರಿ ಎಂದು ನಾನು ಕೂಗಾಡಿದ್ದು ನೆನಪಿದೆಯಲ್ಲ? “ಕಟ್ಕೊಂಡೇ ಮಲಗ್ತೀನಿ ಕಣೇ, ನಿನ್ನಾಣೆ” ಎಂದಿರಿ. ನಾನು ನಂಬಲಿಲ್ಲ. ಪಕ್ಕದ ಮೇಜಿನವನು, ನಾವೆಲ್ಲ ಕನ್ನಡಕ ಎಂದು ಕರೆಯುವವನು, “ಡಬ್ಬಿ ಸರಿಯಾಗಿದೆ, ನಿಮ್ಮಪ್ಪನ್ನ ರಿಪೇರಿ ಮಾಡು” ಎಂದು ನಕ್ಕ. ಆದರೂ ತಡೆಯಲಾರದೆ ಮೊನ್ನೆ ಮಂಗಳವಾರ ಭಾವನಿಂದ ಡಬ್ಬಿಯನ್ನು ತರಿಸಿಕೊಂಡೆ. ಯಾಕೆಂದರೆ ಅದರೊಳಗಿನ ನೆಟ್‌ವರ್ಕ್ ಚಿಪ್ಪಿಗೆ ಏಳು, ಮಲಗು, ಕಳಿಸು ಎಂದು ಹೇಳುವ ಪ್ರೋಗ್ರಾಂ ಇದೆಯಲ್ಲ, ನಾವು ಡ್ರೈವರ್ ಅನ್ನುತ್ತೇವೆ, ಅದನ್ನು ಬರೆದವಳು ನಿಮ್ಮ ಮಗಳೇ.

ನನ್ನ ಮೇಜಿನ ಮೇಲೆ ಅದು ಪರಮ ಸಾಧು! ಕೇಬಲ್ ಹಾಕಿ, ಒಂದೊಂದು ಹೆಜ್ಜೆಯನ್ನೂ ತೆರೆಯ ಮೇಲೆ ಬರೆಸಿ, ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಮಲಗು ಅಂದರೆ ಮಲಗಿತು, ಏಳು ಅಂದರೆ ಎದ್ದಿತು. ತಲೆ ಕೆಟ್ಟು ಹೋಯಿತು. ಇವತ್ತು ಬೆಳಗ್ಗೆ ಟೀ ಕುಡಿಯೋಣವೆಂದು ಎದ್ದವಳು ಹೋಗುವಾಗ ಗೋಡೆಯ ಸ್ವಿಚ್ಚುಗಳನ್ನೆಲ್ಲ ಪಟಪಟನೆ ಆರಿಸಿಬಿಟ್ಟೆ. ಯಾರ ಮಗಳು ಹೇಳಿ! “ಸುಮ್ನೆ ಕರೆಂಟು ಯಾಕೆ ಉರೀಬೇಕು?” ಎಂದು ಮನೆಯಿಡೀ ಸ್ವಿಚ್ಚು ಆರಿಸುತ್ತ ಬರುತ್ತಿದ್ದವರ ಮಗಳು. ಕಂಪ್ಯೂಟರುಗಳೂ ಆರಿಹೋಗಿ, ಕನ್ನಡಕ ಬಾಯಿಗೆ ಬಂದಂತೆ ಬೈದ. ಬಂದು ನೋಡಿದರೆ ಡಬ್ಬಿಯ ಹಸಿರು ದೀಪ ಉರಿಯುತ್ತಿದೆ, ಆದರೆ ಹೊರಗೆ ಒಂದಕ್ಷರ ಹೋಗುತ್ತಿಲ್ಲ.

ಆಗ ಹೊಳೆಯಿತು. ಗೋಡೆಯ ಕರೆಂಟು ಇರುವಾಗ ಚಿಪ್ಪು ಬರೀ ತೂಕಡಿಸುತ್ತದೆ. ಅದಿಲ್ಲದೆ ಬ್ಯಾಟರಿಯ ಮೇಲೆ ಬಿದ್ದಾಗ ಮಾತ್ರ ಗಾಢವಾಗಿ ಮಲಗುತ್ತದೆ, ಮಲಗಿದಾಗ ಹೇಳಿಕೊಟ್ಟದ್ದನ್ನೆಲ್ಲ ಮರೆಯುತ್ತದೆ. ನನ್ನ ಕೇಬಲ್ಲೇ ಅದಕ್ಕೆ ಕರೆಂಟು ಕುಡಿಸಿ ಎಚ್ಚರವಾಗಿಟ್ಟಿತ್ತು. ನನ್ನ ಡ್ರೈವರೋ, “ಎದ್ದೆಯಾ?” ಎಂದು ಕೇಳಿ, ಅದು “ಹೂಂ” ಎಂದ ಕೂಡಲೇ ನಂಬಿ ಮುಂದೆ ಹೋಗುತ್ತಿತ್ತು. ಸ್ಕೂಲಿಗೆ ಎಬ್ಬಿಸುವಾಗ ನಾನೂ ಹಾಗೇ ಹೂಂ ಎಂದು ಮತ್ತೆ ಮಲಗುತ್ತಿದ್ದೆ. ನನ್ನ ಕಾಲು ನೆಲಕ್ಕೆ ತಾಗುವ ತನಕ ನೀವು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಈಗ ಡ್ರೈವರಿಗೂ ಅದನ್ನೇ ಕಲಿಸಿದ್ದೇನೆ. ಚಿಪ್ಪಿಗೆ ಪಾಠವನ್ನೆಲ್ಲ ಮತ್ತೆ ಹೇಳಿ, ಒಂದು ಅಕ್ಷರ ಹೊರಗೆ ಹೋಗಿ ಉತ್ತರ ಬಂದರೇ ಎದ್ದಿತೆಂದು ಲೆಕ್ಕ.

ಹಾಗಾದರೆ ನೀವು ಪಟ್ಟಿ ಕಟ್ಟಿಕೊಂಡೇ ಮಲಗುತ್ತಿದ್ದಿರಿ, ಮಲಗುವ ಮುಂಚೆ ಅಭ್ಯಾಸದಂತೆ ಸ್ವಿಚ್ಚು ಆರಿಸುತ್ತಿದ್ದಿರಿ, ಅಷ್ಟೇ. ಸುಮ್ಮನೆ ಬೈದೆ ಅಪ್ಪಾ, ಹೊಟ್ಟೆಗೆ ಹಾಕಿಕೊಳ್ಳಿ. ಡಬ್ಬಿ ಎಲ್ಲವನ್ನೂ ಕಳಿಸಿಯಾಯಿತೆಂದೇ ತಿಳಿದಿತ್ತು, ಆದರೆ ಒಂದು ಪ್ರತಿ ಅದರ ಹೊಟ್ಟೆಯಲ್ಲೇ ಇದೆ. ಅದನ್ನೀಗ ಹೊರಗೆ ತೆಗೆಯುತ್ತಿದ್ದೇನೆ. ಹನಿಹನಿಯಾಗಿ ಬರುತ್ತಿದೆ, ನನಗೋ ಒಂದು ಕಡೆ ನಿಲ್ಲಲಾಗುತ್ತಿಲ್ಲ. ಅದಕ್ಕೇ ಈ ಪತ್ರ ಇಷ್ಟುದ್ದವಾಯಿತು.

ಅತ್ತೆಗೆ ನನ್ನ ನಮಸ್ಕಾರ ಹೇಳಿ, ಮಾತ್ರೆಯ ವಿಷಯದಲ್ಲಿ ಅವರೊಂದಿಗೆ ಜಗಳ ಬೇಡ.

ನಿಮ್ಮ ಬಾಯಿಬಡುಕಿ ಮಗಳು

ತಾ.ಕ.: ಅಪ್ಪಾ, ಎಲ್ಲ ಹೊರಗೆ ಬಂತು. ಶನಿವಾರ ರಾತ್ರಿ ನಿಮ್ಮ ಎದೆಬಡಿತ ತಾಳ ತಪ್ಪಿದೆ, ನಡುವೆ ನಿಂತು ಮತ್ತೆ ಹಿಡಿದಿದೆ. ಸೋಮವಾರ ರಾತ್ರಿ ಇನ್ನೂ ಹೆಚ್ಚು. ನಿಮಗೆ ಗೊತ್ತಾಗಿರಲಿಲ್ಲ ಎಂದು ಮಾತ್ರ ಹೇಳಬೇಡಿ. ಭಾನುವಾರ ಬೆಳಗ್ಗೆ ಫೋನಿನಲ್ಲಿ “ಕಲ್ಲುಗುಂಡಿನ ಥರ ಇದೀನಿ” ಎಂದಿರಿ, ನಾನೂ ಆ ಹೂಂ ನಂಬಿ ಫೋನ್ ಇಟ್ಟೆ. ಡಾಕ್ಟರಿಗೆ ತೋರಿಸಿಯಾಯಿತು, ಇವತ್ತೇ ಕರೆತರಬೇಕು ಎಂದರು. ಅತ್ತೆಗೆ ಫೋನ್ ಮಾಡಿ ಹೇಳಿದ್ದೇನೆ, ನಿಮ್ಮನ್ನು ಒಬ್ಬರನ್ನೇ ಬಿಟ್ಟು ಅವರು ಏಳುವುದಿಲ್ಲ. ಸಂಜೆಯವರೆಗೆ ಕಾಯದೆ ಭಾವ ಈ ಪತ್ರ ಹಿಡಿದು ಈಗಲೇ ಹೊರಡುತ್ತಿದ್ದಾರೆ. ನೀವು ಇದನ್ನು ಓದುವಾಗ ಅವರ ಕಾರು ಬಾಗಿಲಲ್ಲೇ ಇರುತ್ತದೆ, ಎಂಜಿನ್ ಆರಿಸಬೇಡಿ ಎಂದು ನಾನೇ ಹೇಳಿದ್ದೇನೆ. ಪೆಟ್ರೋಲು ಯಾಕೆ ಉರೀಬೇಕು ಎಂದು ಕೇಳುತ್ತ ನಿಲ್ಲಬೇಡಿ. ಚಪ್ಪಲಿ ಮೆಟ್ಟಿಕೊಂಡು ಹತ್ತಿ ಕೂತುಬಿಡಿ.